ಹುಷಾರಾದವರು ಬೇರೆಯವರ ಚೇತರಿಕೆಗೆ ಜೊತೆ ನಿಲ್ಲುವ ಕೆಲಸ: ಪೀರ್ ಸಪೋರ್ಟ್ ವರ್ಕರ್ ಆಗೋದು ಹೇಗೆ?

ಶಿವಮೊಗ್ಗದವಳು:
ಎಲ್ಲರಿಗೂ ನಮಸ್ಕಾರ. ನನಗೆ ಬೈಪೋಲಾರ್ ಇದೆ, ಮನಸ್ಸು ವಿಪರೀತ ಏರಿ ಇಳಿಯುವ ಕಾಯಿಲೆ. ಲಿಥಿಯಂ ತೆಗೆದುಕೊಳ್ಳುತ್ತೇನೆ, ರಕ್ತ ಪರೀಕ್ಷೆ ತಪ್ಪಿಸುವುದಿಲ್ಲ, ಆಸ್ಪತ್ರೆಗೆ ಸೇರುವ ಪ್ರಸಂಗ ಬಂದು ವರ್ಷಗಳೇ ಆದವು. ಒಂದು ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಹೊಟ್ಟೆಪಾಡಿಗೆ ತೊಂದರೆ ಇಲ್ಲ, ಆದರೆ ಮನಸ್ಸು ಬೇರೆ ಕಡೆ ಇದೆ. ವಾರ್ಡಿನಲ್ಲಿ ಇದ್ದಾಗ ಡಾಕ್ಟರು, ನರ್ಸು ಎಲ್ಲ ಚೆನ್ನಾಗೇ ನೋಡಿಕೊಂಡರು. ಆದರೆ ಪಕ್ಕದ ಬೆಡ್ಡಿನ ಒಬ್ಬ ಅಕ್ಕ "ನನಗೂ ಹೀಗೇ ಆಗಿತ್ತು, ಈಗ ಸ್ಕೂಲಿನಲ್ಲಿ ಪಾಠ ಮಾಡ್ತೀನಿ" ಅಂದಾಗ ಬಂದ ಧೈರ್ಯ ಬೇರೆ ಯಾರ ಮಾತಿನಿಂದಲೂ ಬರಲಿಲ್ಲ. ಅದನ್ನೇ ಕೆಲಸವಾಗಿ ಮಾಡುವವರು ಹೊರದೇಶಗಳಲ್ಲಿ ಇದ್ದಾರೆ, ಅವರಿಗೆ ಟ್ರೈನಿಂಗ್, ಪರೀಕ್ಷೆ, ಸರ್ಟಿಫಿಕೇಟ್, ಸಂಬಳ ಎಲ್ಲ ಇದೆ ಅಂತ ಓದಿದೆ.

ನಮ್ಮಲ್ಲಿ ಇದು ಇದೆಯಾ? ಸರ್ಕಾರಿ ಸರ್ಟಿಫಿಕೇಟ್ ಯಾರು ಕೊಡುತ್ತಾರೆ? ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಮಾಡಲೇಬೇಕಾ? ಅಮ್ಮನಿಗೆ ಇದು ಸುತರಾಂ ಇಷ್ಟವಿಲ್ಲ. "ಯಾರಿಗೂ ಗೊತ್ತಿಲ್ಲದ್ದನ್ನ ನೀನೇ ಊರಿಗೆಲ್ಲ ಸಾರ್ತೀಯಾ" ಅನ್ನುತ್ತಾರೆ. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೂ ಕೇಳುತ್ತಿದ್ದೇನೆ.

ಹಾಸನ_ಹುಡುಗ:
ನಾನೂ ಇದನ್ನೇ ಕೇಳಬೇಕು ಅಂತಿದ್ದೆ. ಉತ್ತರಕ್ಕೆ ಕಾಯುತ್ತಿದ್ದೇನೆ.

ಪಿಎಸ್‌ಡಬ್ಲ್ಯೂ_ಬೆಂಗಳೂರು:
ನಾನು ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್. ನೇರವಾಗಿ ಹೇಳಿಬಿಡುತ್ತೇನೆ. ಪೀರ್ ಸಪೋರ್ಟ್ ವರ್ಕರ್ ಅಂತ ನೋಂದಣಿ ಮಾಡಿ ಕೊಡುವ ಸರ್ಕಾರಿ ವ್ಯವಸ್ಥೆ ಭಾರತದಲ್ಲಿ ಇಲ್ಲ. ಆರ್‌ಸಿಐ ಅಂದರೆ ಪುನರ್ವಸತಿ ಕ್ಷೇತ್ರದವರ ಕೇಂದ್ರ ಮಂಡಳಿ, ಅದರ ನೋಂದಣಿ ಕ್ಲಿನಿಕಲ್ ಸೈಕಾಲಜಿಸ್ಟ್, ಸ್ಪೆಷಲ್ ಎಜುಕೇಟರ್ ಥರದವರಿಗೆ. ಅದರಲ್ಲಿ ನಿಮ್ಮ ವರ್ಗವೇ ಇಲ್ಲ. ಹಾಗಾಗಿ ಯಾರಾದರೂ "ಸರ್ಕಾರಿ ಮಾನ್ಯತೆಯ ಪೀರ್ ಕೌನ್ಸೆಲರ್ ಕೋರ್ಸ್, ವೀಕೆಂಡಿನಲ್ಲಿ ಮುಗಿಯುತ್ತೆ" ಅಂತ ದುಡ್ಡು ಕೇಳಿದರೆ ಕೊಡಬೇಡಿ.

ಹಾಗಂತ ಕೆಲಸವೇ ಇಲ್ಲ ಅಂತಲ್ಲ. ಗುಜರಾತಿನಲ್ಲಿ 2014ರಿಂದ 2016ರವರೆಗೆ ರೋಗಿಗಳ ಹಕ್ಕಿಗೆ ಒತ್ತು ಕೊಡುವ ವಿಶ್ವ ಆರೋಗ್ಯ ಸಂಸ್ಥೆಯ ಕ್ವಾಲಿಟಿರೈಟ್ಸ್ ಪದ್ಧತಿಯನ್ನು ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ತಂದಾಗ, ಕಾಯಿಲೆ ಅನುಭವಿಸಿದವರನ್ನೇ ಪೀರ್ ಸಪೋರ್ಟ್ ವಾಲಂಟಿಯರ್‌ಗಳಾಗಿ ತೆಗೆದುಕೊಂಡರು. ಪುಣೆಯ ಸೆಂಟರ್ ಫಾರ್ ಮೆಂಟಲ್ ಹೆಲ್ತ್ ಲಾ ಆಂಡ್ ಪಾಲಿಸಿಯವರು ಅದರ ಹಿಂದೆ ಇದ್ದರು. ಆಮೇಲೆ ಅಪ್‌ಸೈಡ್ಸ್ ಅಂತ ಪೀರ್ ಸಪೋರ್ಟ್ ಬಗ್ಗೆಯೇ ಒಂದು ದೊಡ್ಡ ಅಧ್ಯಯನ ನಡೆಯಿತು. ಜರ್ಮನಿ, ಉಗಾಂಡಾ, ತಾಂಜಾನಿಯಾ, ಇಸ್ರೇಲ್, ಜೊತೆಗೆ ನಮ್ಮ ಅಹಮದಾಬಾದಿನ ಮಾನಸಿಕ ಆಸ್ಪತ್ರೆ. ಅಂದರೆ ಇದು ನಮ್ಮ ಜನರ ಮಧ್ಯೆ, ಸರ್ಕಾರಿ ಓಪಿಡಿಯ ಗಲಾಟೆಯ ಮಧ್ಯೆಯೂ ನಡೆದಿರುವ ಕೆಲಸ. ಕರ್ನಾಟಕದಲ್ಲಿ ಬಿಡಿಬಿಡಿಯಾಗಿ ನಡೆಯುತ್ತಿದೆ, ವ್ಯವಸ್ಥೆಯಾಗಿ ಬೆಳೆದಿಲ್ಲ.

ಎಂಎಸ್‌ಡಬ್ಲ್ಯೂ ಬೇಕಿಲ್ಲ. ಅದು ನನ್ನ ಕೆಲಸಕ್ಕೆ ಬೇಕು, ನಿಮ್ಮದು ಬೇರೆ ಕೆಲಸ.

ನೇರನುಡಿ:
ಬೇಜಾರು ಮಾಡಿಕೊಳ್ಳಬೇಡಿ ಶಿವಮೊಗ್ಗದವರೇ, ಮೊದಲು ನಿಮ್ಮ ಆರೋಗ್ಯ ನೋಡಿಕೊಳ್ಳಿ. ಇಡೀ ದಿನ ಬೇರೆಯವರ ನೋವು ಕೇಳಿಸಿಕೊಂಡರೆ ನಿಮ್ಮದೇ ಮರುಕಳಿಸಿದರೆ ಏನು ಗತಿ? ಡಾಕ್ಟರು ಹತ್ತು ವರ್ಷ ಓದಿ ಮಾಡುವುದನ್ನು ಅನುಭವ ಇದೆ ಅಂತ ಯಾರು ಬೇಕಾದರೂ ಮಾಡಬಹುದಾ?

ಸ್ಯಾಕ್ರಮೆಂಟೊ_ಕನ್ನಡಿಗ:
ನೇರನುಡಿಯವರೇ, ಡಾಕ್ಟರ ಕೆಲಸವನ್ನು ಯಾರೂ ಮಾಡುತ್ತಿಲ್ಲ. ಕಾಯಿಲೆ ಯಾವುದು ಅಂತ ಹೇಳುವುದಿಲ್ಲ, ಮಾತ್ರೆ ಬರೆಯುವುದಿಲ್ಲ, ಥೆರಪಿ ಮಾಡುವುದಿಲ್ಲ. ನಾನು ಕ್ಯಾಲಿಫೋರ್ನಿಯಾದಲ್ಲಿ ಇದೇ ಕೆಲಸ ಮಾಡುತ್ತೇನೆ, ಇಲ್ಲಿನ ವ್ಯವಸ್ಥೆ ಹೇಳುತ್ತೇನೆ.

ಅಮೆರಿಕದಲ್ಲಿ ಇದು ಶುರುವಾಗಿದ್ದು ಜಾರ್ಜಿಯಾ ರಾಜ್ಯದಲ್ಲಿ. 1999ರಲ್ಲಿ ಅಲ್ಲಿ ಪೀರ್ ಸಪೋರ್ಟಿಗೆ ಮೆಡಿಕೇಡ್ ದುಡ್ಡು ಕೊಡುವ ದಾರಿ ಆಯಿತು. ಮೆಡಿಕೇಡ್ ಅಂದರೆ ಬಡವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ. 2007ರಲ್ಲಿ ಕೇಂದ್ರದಿಂದ ಎಲ್ಲ ರಾಜ್ಯಗಳಿಗೂ ಪತ್ರ ಹೋಯಿತು: ಪೀರ್ ಸಪೋರ್ಟಿಗೆ ಮೆಡಿಕೇಡ್ ಹೆಸರಲ್ಲಿ ಬಿಲ್ ಮಾಡಿ ದುಡ್ಡು ಪಡೆಯಬಹುದು, ಆದರೆ ಮೇಲ್ವಿಚಾರಣೆ ಇರಬೇಕು, ಉಳಿದ ಚಿಕಿತ್ಸೆಯ ಜೊತೆ ಹೊಂದಾಣಿಕೆ ಇರಬೇಕು, ತರಬೇತಿ ಮತ್ತು ಸರ್ಟಿಫಿಕೇಟ್ ಇರಬೇಕು. ಸರ್ಟಿಫಿಕೇಟಿಗೆ ಬೆಲೆ ಬಂದಿದ್ದೇ ಈ ಬಿಲ್ಲಿನಿಂದ. ಇದನ್ನು ಮರೆಯಬೇಡಿ. ಸಂಬಳ ಕೊಡುವ ದಾರಿ ಇಲ್ಲದೆ ಬರೀ ಸರ್ಟಿಫಿಕೇಟ್ ಕೊಟ್ಟರೆ ಗೋಡೆಗೆ ಹಾಕಿಕೊಳ್ಳಬಹುದು, ಅಷ್ಟೇ.

ಕ್ಯಾಲಿಫೋರ್ನಿಯಾ ತಡವಾಗಿ ಬಂತು, 2020ರಲ್ಲಿ ಕಾನೂನು ಆಯಿತು. ಇಲ್ಲಿ 18 ವರ್ಷ ಆಗಿರಬೇಕು, ಹೈಸ್ಕೂಲ್ (ನಮ್ಮ ಪಿಯುಸಿ ಮಟ್ಟ) ಮುಗಿಸಿರಬೇಕು, ಸ್ವಂತ ಅನುಭವ ಇರಬೇಕು ಅಥವಾ ಮನೆಯವರನ್ನು ನೋಡಿಕೊಂಡ ಅನುಭವ ಇರಬೇಕು. 80 ಗಂಟೆ ತರಬೇತಿ, ಆಮೇಲೆ ಪರೀಕ್ಷೆ, ನೀತಿಸಂಹಿತೆಗೆ ಸಹಿ. 2 ವರ್ಷಕ್ಕೊಮ್ಮೆ ನವೀಕರಣ. ಪ್ರತಿ ರಾಜ್ಯದ ನಿಯಮ ಬೇರೆ ಬೇರೆ. ಈ ಗೊಂದಲ ಕಡಿಮೆ ಮಾಡಲು 2023ರಲ್ಲಿ ಸಾಮ್ಸಾ ಅನ್ನುವ ಕೇಂದ್ರ ಸಂಸ್ಥೆ ಒಂದು ಮಾದರಿ ಕೊಟ್ಟಿತು. ಅದರಲ್ಲಿ 40ರಿಂದ 60 ಗಂಟೆ ತರಬೇತಿ, 120 ಗಂಟೆ ಮೇಲ್ವಿಚಾರಣೆಯ ಕೆಳಗೆ ಕೆಲಸ ಅಂತ ಸಲಹೆ ಇದೆ. ಅದು ಸಲಹೆ ಮಾತ್ರ, ಕಾನೂನಲ್ಲ.

ಮೈಸೂರು_ಎಂಎಸ್ಸಿ:
ಸರ್, ಅಲ್ಲಿನ ಕೋರ್ಸನ್ನು ಆನ್‌ಲೈನಿನಲ್ಲಿ ಮಾಡಿ ಇಲ್ಲಿ ಕೆಲಸ ಮಾಡಬಹುದಾ?

ಸ್ಯಾಕ್ರಮೆಂಟೊ_ಕನ್ನಡಿಗ:
ಕಲಿಯಲು ಮಾಡಬಹುದು. ಸರ್ಟಿಫಿಕೇಟಿಗೋಸ್ಕರ ಬೇಡಮ್ಮ. ಅದು ಇಲ್ಲಿನ ಬಿಲ್ಲಿಂಗಿಗೆ ಕಟ್ಟಿಕೊಂಡಿರುವುದು. ಮೈಸೂರಿನ ಆಸ್ಪತ್ರೆಯಲ್ಲಿ ಅದನ್ನು ನೋಡಿ ಯಾರೂ ಕೆಲಸ ಕೊಡುವುದಿಲ್ಲ.

ಧಾರವಾಡದಾಂವ:
ಸರ್ಟಿಫಿಕೇಟಿನ ಮಾತು ಜಾಸ್ತಿ ಆಯಿತು. ಕೆಲಸ ಹೇಗಿರುತ್ತದೆ ಅಂತ ನಾನು ಹೇಳುತ್ತೇನೆ. ನನಗೆ ಸ್ಕಿಜೋಫ್ರೀನಿಯಾ ಇದೆ. ಈಗ ನಮ್ಮ ಭಾಗದಲ್ಲಿ ಒಂದು ಗುಂಪು ನಡೆಸಲು ಸಹಾಯ ಮಾಡುತ್ತೇನೆ.

ತರಬೇತಿಯಲ್ಲಿ ನಮ್ಮನ್ನು ಇಬ್ಬಿಬ್ಬರಾಗಿ ಎದುರುಬದುರು ಕೂರಿಸಿದರು. ಒಬ್ಬರು ಹೇಳಬೇಕು: "ಗುಳಿಗಿ ಬಿಡೋಣ ಅನ್ನಿಸ್ತಿದೆ." ಇನ್ನೊಬ್ಬರು ಉತ್ತರ ಕೊಡಬೇಕು. ಹೆಚ್ಚುಕಡಿಮೆ ಎಲ್ಲರೂ ತಟ್ಟನೆ "ಬಿಡಬ್ಯಾಡ್ರಿ, ನಾನು ಬಿಟ್ಟು ಕೆಟ್ಟೆ" ಅಂತ ತಮ್ಮ ಕಥೆ ಶುರು ಮಾಡಿದರು. ಟ್ರೈನರ್ ನಿಲ್ಲಿಸಿದರು. "ಈಗ ಮಾತಾಡ್ತಿರೋದು ಯಾರ ಬಗ್ಗೆ, ಅವರ ಬಗ್ಗೆಯೋ ನಿಮ್ಮ ಬಗ್ಗೆಯೋ?" ಅಂದರು. ಎಲ್ಲರೂ ಸುಮ್ಮನಾದರು. ಸಲಹೆ ಕೊಡದೆ ಕೂರುವುದನ್ನು ಕಲಿಯುವುದೇ ಈ ತರಬೇತಿಯ ಅರ್ಧ ಭಾಗ. ನಮ್ಮ ಕಡೆ ಸಲಹೆ ಕೊಡದಿದ್ದರೆ ಪ್ರೀತಿ ಇಲ್ಲ ಅಂದುಕೊಳ್ಳುತ್ತಾರೆ, ಅದಕ್ಕೇ ಕಷ್ಟ.

ಇದು ಕೆಲಸಕ್ಕೆ ಬಂದ ಒಂದು ಉದಾಹರಣೆ. ಖಾನಾವಳಿಯಲ್ಲಿ ಬಡಿಸುವ ಒಬ್ಬರು ಪದೇ ಪದೇ ಗುಳಿಗಿ ಬಿಡುತ್ತಿದ್ದರು. ಡಾಕ್ಟರ ಎದುರು ಮಾತ್ರ "ಆರಾಮ ಅದೀನ್ರಿ". ಮನೆಯವರು ಬೈದರು, ಡಾಕ್ಟರು ತಿಳಿಹೇಳಿದರು, ಏನೂ ಆಗಲಿಲ್ಲ. ನಾನು ಕೇಳಿದ್ದು ಇಷ್ಟೇ, ಗುಳಿಗಿ ನುಂಗಿದ ಮೇಲೆ ಕೆಲಸದ ಜಾಗದಲ್ಲಿ ಏನು ಕಷ್ಟ ಆಗುತ್ತದೆ? ಆಗ ಬಾಯಿ ಬಿಟ್ಟರು. ಕೈ ನಡುಗಿ ಸಾರು ಬಡಿಸುವಾಗ ತಾಟಿನ ಹೊರಗೆ ಚೆಲ್ಲುತ್ತಿತ್ತು. ಗಿರಾಕಿಗಳು ಕುಡಿದು ಬಂದಿದ್ದಾನೆ ಅಂದುಕೊಂಡರು. ಮಾಲೀಕರು ಕೆಲಸ ಬಿಡಿಸುತ್ತೇನೆ ಅಂದಿದ್ದರು. ಇಬ್ಬರೂ ಕೂತು ಒಂದು ಚೀಟಿಯಲ್ಲಿ ಬರೆದೆವು: ಕೈ ನಡುಗುತ್ತದೆ, ಮಧ್ಯಾಹ್ನ ಜಾಸ್ತಿ, ಸೌಟು ಹಿಡಿಯಲು ಆಗುವುದಿಲ್ಲ. ಆ ಚೀಟಿಯನ್ನು ಅವರೇ ಡಾಕ್ಟರಿಗೆ ಕೊಟ್ಟರು. ಡಾಕ್ಟರು ಔಷಧಿ ಹೊಂದಿಸಿದರು. ಈಗ ಬಿಡುವುದಿಲ್ಲ. ನಾನು ಡಾಕ್ಟರ ಕೆಲಸ ಮಾಡಲಿಲ್ಲ, ಆ ಚೀಟಿ ಡಾಕ್ಟರ ಕೈಗೆ ಹೋಗುವ ಹಾಗೆ ಮಾಡಿದೆ.

ನೇರನುಡಿ:
ಒಳ್ಳೆಯ ಕೆಲಸ, ಒಪ್ಪುತ್ತೇನೆ. ಆದರೆ ಇನ್ನೊಬ್ಬರ ವಿಷಯ ಇಲ್ಲಿ ಬರೆದಿದ್ದೀರಲ್ಲ, ಅವರ ಒಪ್ಪಿಗೆ ಇದೆಯಾ?

ಧಾರವಾಡದಾಂವ:
ಇದೆ. ಅವರೇ ಗುಂಪಿನಲ್ಲಿ ಹೊಸಬರಿಗೆ ಇದನ್ನು ಹೇಳುತ್ತಾರೆ. ಆದರೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಕೇಳಿದ್ದು ಸರಿ.

ಪಿಎಸ್‌ಡಬ್ಲ್ಯೂ_ಬೆಂಗಳೂರು:
ಮಾನಸಿಕ ಆರೋಗ್ಯ ಕಾಯ್ದೆ 2017ರ 23ನೇ ಸೆಕ್ಷನ್ ಪ್ರಕಾರ ಕಾಯಿಲೆಯ ವಿಷಯ ಗುಟ್ಟಾಗಿ ಇರಬೇಕು ಅನ್ನುವುದು ರೋಗಿಯ ಹಕ್ಕು. ಆದರೆ ಜೀವಕ್ಕೆ ಅಪಾಯ ಇದ್ದರೆ ಗುಟ್ಟು ಇಟ್ಟುಕೊಂಡು ಕೂರುವ ಹಾಗಿಲ್ಲ. ಈ ಎರಡನ್ನೂ ಮೊದಲ ಭೇಟಿಯಲ್ಲೇ ಆ ವ್ಯಕ್ತಿಗೆ ಹೇಳಬೇಕು. "ನೀವು ಹೇಳಿದ್ದು ನನ್ನಲ್ಲೇ ಇರುತ್ತದೆ, ಆದರೆ ಸಾಯುವ ಯೋಚನೆ ಬಂದಿದೆ ಅಂದರೆ ನಾನು ಟೀಮಿಗೆ ತಿಳಿಸುತ್ತೇನೆ" ಅಂತ ಮುಂಚೆಯೇ ಅಂದುಬಿಟ್ಟರೆ ಆಮೇಲೆ ಮೋಸ ಮಾಡಿದ ಹಾಗೆ ಆಗುವುದಿಲ್ಲ.

ತಮ್ಮನ_ಅಕ್ಕ:
ನಾನು ಮನೆಯವರ ಕಡೆಯಿಂದ ಮಾತಾಡುತ್ತೇನೆ. ಶಿವಮೊಗ್ಗದವರ ಅಮ್ಮನ ಭಯ ಸುಳ್ಳಲ್ಲ. ನಮ್ಮ ತಮ್ಮನ ವಿಷಯ ಗೊತ್ತಾದ ಮೇಲೆ ನನ್ನ ತಂಗಿಗೆ ಬಂದ ಸಂಬಂಧವೊಂದು ಮುರಿದುಹೋಯಿತು. ಹುಡುಗನ ಕಡೆಯವರು ಫೋನ್ ಎತ್ತುವುದನ್ನೇ ಬಿಟ್ಟರು. ನಿಮಗೆ ಧೈರ್ಯ ಇದೆ, ಸರಿ. ಆದರೆ ಹೆಸರು ಹೊರಗೆ ಬಂದರೆ ಏಟು ತಿನ್ನುವುದು ನೀವೊಬ್ಬರೇ ಅಲ್ಲ. ಮನೆಯವರನ್ನು ಕೂರಿಸಿಕೊಂಡು ಮಾತಾಡಿ ಆಮೇಲೆ ಹೆಜ್ಜೆ ಇಡಿ.

ಕಡಲತಡಿ:
ಸಂಬಂಧ ಮುರಿದವರದು ತಪ್ಪು, ಹೇಳಿಕೊಂಡವರದಲ್ಲ. ಎಲ್ಲರೂ ಮುಚ್ಚಿಟ್ಟರೆ ಇದು ಬದಲಾಗುವುದು ಯಾವಾಗ?

ತಮ್ಮನ_ಅಕ್ಕ:
ತಪ್ಪು ಯಾರದು ಅಂತ ನನಗೂ ಗೊತ್ತು. ಸಮಾಜ ಬದಲಾಗಲಿ ಅಂತ ನನ್ನ ತಂಗಿಯನ್ನು ಮುಂದೆ ನಿಲ್ಲಿಸಲು ನನಗೆ ಹಕ್ಕಿಲ್ಲ. ಅವಳ ಒಪ್ಪಿಗೆ ಬೇಕು. ಒಬ್ಬರ ಕಥೆಯಲ್ಲಿ ಮನೆಯವರೆಲ್ಲ ಇರುತ್ತಾರೆ ಅಲ್ವಾ?

ಸ್ಯಾಕ್ರಮೆಂಟೊ_ಕನ್ನಡಿಗ:
ಇಬ್ಬರದೂ ನಿಜ. ಆದರೆ ಒಂದು ಮಾತು. ಪೀರ್ ವರ್ಕರ್ ಅಂದರೆ ಸ್ಟೇಜ್ ಹತ್ತಿ ತನ್ನ ಇಡೀ ಜೀವನ ಹೇಳಬೇಕು ಅಂತಲ್ಲ. ಎದುರು ಕೂತವರಿಗೆ ಉಪಯೋಗ ಆಗುವಷ್ಟು ಮಾತ್ರ, ಅವರಿಗೆ ಬೇಕಾದಾಗ ಮಾತ್ರ. ಏನು ಹೇಳುತ್ತೇನೆ, ಏನು ಹೇಳುವುದಿಲ್ಲ ಅಂತ ನಾವು ಮೊದಲೇ ಬರೆದಿಟ್ಟುಕೊಳ್ಳುತ್ತೇವೆ. ನನ್ನ ಪಟ್ಟಿಯಲ್ಲಿ ಮದುವೆ, ಮಕ್ಕಳ ವಿಷಯ ಹೇಳುವುದಿಲ್ಲ ಅಂತ ಇದೆ. ನಮ್ಮ ಕನ್ನಡ ಕೂಟದಲ್ಲಿ ಬಹಳ ಜನಕ್ಕೆ ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ ಅಂತಷ್ಟೇ ಗೊತ್ತು. ಅದರಿಂದ ನನ್ನ ಕೆಲಸಕ್ಕೆ ಏನೂ ಕುಂದಿಲ್ಲ.

ಆದರೆ ಸಣ್ಣ ಊರಿನಲ್ಲಿ ಇದು ಕಷ್ಟ, ಒಪ್ಪುತ್ತೇನೆ. ಅಲ್ಲಿ ಆಸ್ಪತ್ರೆ ಕ್ಯಾಂಟೀನಿನವರಿಗೂ ನಿಮ್ಮ ಮನೆ ಗೊತ್ತಿರುತ್ತದೆ.

ಕೋಲಾರದವನು:
ಎಲ್ಲರೂ ದುಡ್ಡಿನ ವಿಷಯ ಬಿಟ್ಟಿದ್ದೀರಿ. ನಾನು ಎಚ್‌ಐವಿ ಕೆಲಸದಲ್ಲಿ ಇದ್ದವನು. ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋದ ಕಾರ್ಯಕ್ರಮಗಳಲ್ಲಿ ಪೀರ್ ಎಜುಕೇಟರ್ ಅಂತಲೇ ಹುದ್ದೆ ಇದೆ, ಗೌರವಧನ ಇದೆ, ಏನು ಮಾಡಬೇಕು ಅಂತ ಬರೆದ ಪಟ್ಟಿ ಇದೆ. ಮೈಸೂರಿನ ಆಶೋದಯ ಸಮಿತಿ ನೋಡಿ, ಲೈಂಗಿಕ ಕಾರ್ಯಕರ್ತರೇ ಕಟ್ಟಿ ನಡೆಸುತ್ತಿರುವ ಸಂಸ್ಥೆ. ಹಾಗಾಗಿ "ನಮ್ಮ ದೇಶದಲ್ಲಿ ಇದು ಆಗಲ್ಲ" ಅನ್ನುವುದು ಸುಳ್ಳು. ಬೇರೆ ಕಾಯಿಲೆಯಲ್ಲಿ ಆಗಿದೆ.

ಆದರೆ ಗೌರವಧನ ಅನ್ನುವ ಹೆಸರಿನಲ್ಲಿ ಪೂರ್ತಿ ಕೆಲಸ ಮಾಡಿಸಿಕೊಳ್ಳುವುದನ್ನೂ ನಾನು ಕಣ್ಣಾರೆ ನೋಡಿದ್ದೇನೆ. ಬಸ್ ಚಾರ್ಜಿಗೂ ಸಾಲದಷ್ಟು ಕೊಟ್ಟು, ಬೆಳಗ್ಗೆಯಿಂದ ರಾತ್ರಿವರೆಗೆ ಫೀಲ್ಡು. ನಿಮ್ಮ ಅನುಭವ ಬೇಕು, ಆದರೆ ಅದಕ್ಕೆ ಬೆಲೆ ಕೊಡಲ್ಲ ಅಂದರೆ ಹೇಗೆ? ಶಿವಮೊಗ್ಗದವರೇ, ಆಡಿಟರ್ ಆಫೀಸಿನ ಕೆಲಸ ದಯವಿಟ್ಟು ಬಿಡಬೇಡಿ.

ಪಿಎಸ್‌ಡಬ್ಲ್ಯೂ_ಬೆಂಗಳೂರು:
ಕೋಲಾರದ ಅಣ್ಣ ಹೇಳಿದ್ದಕ್ಕೆ ನನ್ನ ಪೂರ್ತಿ ಸಹಮತ. ಸಂಬಳವಿಲ್ಲದೆ ಕರೆಯುವ ಕಡೆ ಮೇಲ್ವಿಚಾರಣೆಯೂ ಇರುವುದಿಲ್ಲ, ಇದನ್ನು ಗಮನಿಸಿದ್ದೇನೆ. ನೇರನುಡಿಯವರು ಕೇಳಿದ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಮರುಕಳಿಸುವ ಭಯ ನಿಜ. ನರ್ಸುಗಳಿಗೂ ಸುಸ್ತಾಗುತ್ತದೆ, ನನಗೂ ಆಗುತ್ತದೆ. ವಾರಕ್ಕೊಮ್ಮೆ ಕೂತು "ಈ ವಾರ ಯಾವುದು ಭಾರ ಆಯಿತು" ಅಂತ ಕೇಳುವ ಒಬ್ಬರು ಇರಬೇಕು. ಇಲ್ಲದಿದ್ದರೆ ಎಷ್ಟು ಒಳ್ಳೆಯ ತರಬೇತಿ ಆದರೂ ಪ್ರಯೋಜನವಿಲ್ಲ.

ಸ್ಯಾಕ್ರಮೆಂಟೊ_ಕನ್ನಡಿಗ:
ಇಲ್ಲಿ ಬಹಳ ಕಡೆ ರ್‍ಯಾಪ್ ಅನ್ನುವ ಯೋಜನೆ ಬರೆಸುತ್ತಾರೆ. ದಿನಾ ಏನು ಮಾಡಿದರೆ ಚೆನ್ನಾಗಿರುತ್ತೇನೆ, ಯಾವುದರಿಂದ ಕೆಡುತ್ತದೆ, ಕೆಡುವ ಮುಂಚಿನ ಲಕ್ಷಣ ಯಾವುದು, ಪೂರ್ತಿ ಕೆಟ್ಟಾಗ ಯಾರು ಏನು ಮಾಡಬೇಕು. ನನ್ನ ಹಾಳೆಯಲ್ಲಿ "ರಾತ್ರಿ ಎರಡು ಗಂಟೆಗೆ ಅಡುಗೆಮನೆ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆಯುವುದು" ಅಂತ ಇದೆ. ಹೆಂಡತಿಗೆ ಅದರ ಒಂದು ಪ್ರತಿ ಕೊಟ್ಟಿದ್ದೇನೆ. ಡಬ್ಬಿ ಸದ್ದು ಕೇಳಿದರೆ ಅವಳು ಜಗಳ ಆಡುವುದಿಲ್ಲ, ಹಾಳೆ ತೋರಿಸುತ್ತಾಳೆ. ಬೇರೆಯವರಿಗೆ ಬರೆಸುವ ಮೊದಲು ನಮ್ಮದನ್ನು ಬರೆಯಬೇಕು.

ತಮ್ಮನ_ಅಕ್ಕ:
ಇದು ಬಹಳ ಉಪಯೋಗದ ಮಾತು. ಇಂಥದ್ದು ನಮ್ಮ ಕಾನೂನಿನಲ್ಲಿ ಇದೆಯಾ?

ಪಿಎಸ್‌ಡಬ್ಲ್ಯೂ_ಬೆಂಗಳೂರು:
ಹತ್ತಿರದ್ದು ಇದೆ. ಅದೇ 2017ರ ಕಾಯ್ದೆಯ 5ನೇ ಸೆಕ್ಷನ್ನಿನಲ್ಲಿ ಮುಂಗಡ ನಿರ್ದೇಶನ: ನನಗೆ ಹುಷಾರು ತಪ್ಪಿದಾಗ ಹೇಗೆ ಚಿಕಿತ್ಸೆ ಕೊಡಬೇಕು, ಹೇಗೆ ಕೊಡಬಾರದು ಅಂತ ಹುಷಾರಾಗಿದ್ದಾಗಲೇ ಬರೆದಿಡುವುದು. 14ರಲ್ಲಿ ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಆಗ ಚಿಕಿತ್ಸೆಯ ನಿರ್ಧಾರದಲ್ಲಿ ನಮ್ಮ ಜೊತೆ ನಿಲ್ಲಲು ನಾವೇ ಆರಿಸಿದವರು. ಅದಕ್ಕೆ ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ಅಕ್ಕ, ನಿಮ್ಮ ತಮ್ಮ ನಿಮ್ಮ ಹೆಸರನ್ನೇ ಬರೆಯಬಹುದು. ಇದನ್ನು ಜನರಿಗೆ ತಿಳಿಸಿ, ಕೂತು ಬರೆಸಲು ಸಹಾಯ ಮಾಡುವುದು ಪೀರ್ ವರ್ಕರ್‌ಗಳಿಗೆ ಹೇಳಿ ಮಾಡಿಸಿದ ಕೆಲಸ. ನಮಗೆ ಓಪಿಡಿಯಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ.

ಇನ್ನೊಂದು. ಇದೇ ಕಾಯ್ದೆಯ ಪ್ರಕಾರ ರೋಗಿಗಳ ಹಕ್ಕಿನ ದೂರು ನೋಡುವ ಮೆಂಟಲ್ ಹೆಲ್ತ್ ರಿವ್ಯೂ ಬೋರ್ಡಿನಲ್ಲಿ ಕಾಯಿಲೆ ಇರುವವರು, ಆರೈಕೆ ಮಾಡುವವರು ಅಥವಾ ಅವರ ಸಂಘಟನೆಯವರಿಗೆ ಅಂತ ಇಬ್ಬರು ಸದಸ್ಯರ ಜಾಗ ಇದೆ. ಜಿಲ್ಲಾ ನ್ಯಾಯಾಧೀಶರ ದರ್ಜೆಯವರ ಜೊತೆ ಕೂರುವ ಜಾಗ. ಅನುಭವ ಇರುವವರು ತಯಾರಾಗದಿದ್ದರೆ ಆ ಕುರ್ಚಿಯಲ್ಲಿ ಬೇರೆ ಯಾರೋ ಕೂರುತ್ತಾರೆ.

ಕಡಲತಡಿ:
ವಿಷಯ ಬೇರೆ, ಕ್ಷಮಿಸಿ. ಅಂಗವಿಕಲರ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಮಾಡಿಸಿದರೆ ಈ ಥರ ಕೆಲಸಕ್ಕೆ ಅನುಕೂಲ ಆಗುತ್ತದಾ?

ಪಿಎಸ್‌ಡಬ್ಲ್ಯೂ_ಬೆಂಗಳೂರು:
ಈ ಕೆಲಸಕ್ಕೆ ಅಂತ ಇಲ್ಲ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅಂಗವೈಕಲ್ಯ ಎಷ್ಟು ಅಂತ ನೋಡುವ ಐಡಿಯಾಸ್ ಅನ್ನುವ ಅಳತೆಯಲ್ಲಿ ಸ್ವಂತ ಆರೈಕೆ, ಜನರ ಜೊತೆ ಒಡನಾಟ, ಮಾತು ಮತ್ತು ತಿಳುವಳಿಕೆ, ಕೆಲಸ ಇವನ್ನು ನೋಡುತ್ತಾರೆ. ಎಷ್ಟು ವರ್ಷದಿಂದ ಕಾಯಿಲೆ ಇದೆ ಅನ್ನುವುದನ್ನೂ ಸೇರಿಸುತ್ತಾರೆ. 40 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸರ್ಕಾರಿ ಕೆಲಸದ ಮೀಸಲಾತಿಗೆ ಅರ್ಜಿ ಹಾಕಬಹುದು. ಚೆನ್ನಾಗಿ ಕೆಲಸ ಮಾಡಿಕೊಂಡಿರುವವರಿಗೆ ಅಷ್ಟು ಬರುವುದು ಕಷ್ಟ.

ಹಾಸನ_ಹುಡುಗ:
ಮಾನಸಿಕ ಆರೋಗ್ಯ ಸಹಾಯವಾಣಿ 14416ಗೆ ಫೋನ್ ಮಾಡಿದರೆ ಮಾತಾಡುವವರು ಪೀರ್ ವರ್ಕರ್‌ಗಳಾ?

ಪಿಎಸ್‌ಡಬ್ಲ್ಯೂ_ಬೆಂಗಳೂರು:
ಅಲ್ಲ. ಟೆಲಿ ಮಾನಸ್ ಅನ್ನುವ ಈ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು. ಅಲ್ಲಿ ಮೊದಲು ಮಾತಾಡುವುದು ತರಬೇತಿ ಪಡೆದ ಕೌನ್ಸೆಲರ್‌ಗಳು, ಬೇಕಾದರೆ ಮುಂದೆ ತಜ್ಞರಿಗೆ ಕೊಡುತ್ತಾರೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹಾಸನದವರೇ, ನಿಮಗೇ ಬೇಕಿದ್ದರೆ ಯೋಚನೆ ಮಾಡದೆ ಈಗಲೇ ಮಾಡಿ.

ಹಾಸನ_ಹುಡುಗ:
ನನ್ನ ರೂಮ್‌ಮೇಟ್‌ಗೆ ಮೇಡಂ. ಇವತ್ತು ಅವನ ಜೊತೆ ಕೂತು ಮಾಡಿಸುತ್ತೇನೆ.

ಶಿವಮೊಗ್ಗದವಳು:
ಇಷ್ಟೊಂದು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಅಮ್ಮನಿಗೆ ತಮ್ಮನ ಅಕ್ಕ ಬರೆದಿದ್ದನ್ನು ಓದಿ ಹೇಳಿದೆ. "ಇವಳು ಸರಿಯಾಗಿ ಹೇಳಿದಾಳೆ" ಅಂದರು. ಪಟ್ಟಿಯ ವಿಷಯವನ್ನೂ ಹೇಳಿದೆ. ಏನು ಹೇಳುವುದು, ಏನು ಬಿಡುವುದು ಅಂತ ಇಬ್ಬರೂ ಕೂತು ಬರೆಯೋಣ ಅಂತ ಆಗಿದೆ. ಪೂರ್ತಿ ಒಪ್ಪಿಲ್ಲ. ಕೆಲಸ ಬಿಡುವುದಿಲ್ಲ ಕೋಲಾರದ ಅಣ್ಣ, ಶನಿವಾರ ಮಾತ್ರ ಸಾಧ್ಯವಾ ನೋಡುತ್ತೇನೆ. ಇಲ್ಲಿಂದಲೇ ಶುರು ಮಾಡಲು ಎಲ್ಲಿಗೆ ಹೋಗಲಿ?

ಪಿಎಸ್‌ಡಬ್ಲ್ಯೂ_ಬೆಂಗಳೂರು:
ಮೊದಲು ವಿಶ್ವ ಆರೋಗ್ಯ ಸಂಸ್ಥೆಯ ಕ್ವಾಲಿಟಿರೈಟ್ಸ್ ಆನ್‌ಲೈನ್ ತರಬೇತಿ ಮಾಡಿ, ಉಚಿತ. ಅದು ನಿಮ್ಮನ್ನು ಪೀರ್ ವರ್ಕರ್ ಮಾಡುವುದಿಲ್ಲ, ಆದರೆ ಹಕ್ಕು ಮತ್ತು ಚೇತರಿಕೆಯ ಬಗ್ಗೆ ಸರಿಯಾದ ತಳಪಾಯ ಕೊಡುತ್ತದೆ. ಅದೇ ಸಂಸ್ಥೆ 2019ರಲ್ಲಿ ಒಬ್ಬರಿಗೊಬ್ಬರು ಪೀರ್ ಸಪೋರ್ಟ್ ಕೊಡುವ ಬಗ್ಗೆ ಒಂದು ಕೈಪಿಡಿ ತಂದಿದೆ, ಅದನ್ನೂ ಇಳಿಸಿಕೊಳ್ಳಿ. ನಿಮ್ಮ ಡಾಕ್ಟರಿಗೂ ಒಂದು ಮಾತು ಹೇಳಿಡಿ, ಅಪ್ಪಣೆ ಕೇಳಲು ಅಲ್ಲ, ಅವರಿಗೂ ಗೊತ್ತಿರಲಿ ಅಂತ.

ಆಮೇಲೆ ನಿಮ್ಮ ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೋಷಿಯಲ್ ವರ್ಕರನ್ನು ನೋಡಿ. ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕ್ಲಿನಿಕ್ ಇರುತ್ತದೆ, ಆಗ ಸಿಗಬಹುದು. ಬೆಳಗ್ಗೆ ಹೋಗಬೇಡಿ, ಸಾಲು ಇರುತ್ತದೆ, ಅವರಿಗೆ ತಲೆ ಎತ್ತಲೂ ಆಗುವುದಿಲ್ಲ. ಓಪಿಡಿ ಮುಗಿಯುವ ಹೊತ್ತಿಗೆ ಹೋಗಿ. "ನನಗೆ ಕೆಲಸ ಕೊಡಿ" ಅಂತ ಕೇಳಬೇಡಿ. "ಹೊಸದಾಗಿ ಬಂದವರ ಮನೆಯವರಿಗೆ ತಿಂಗಳಿಗೊಂದು ಗುಂಪು ಮಾಡೋಣವಾ, ನಾನು ಜೊತೆಗೆ ಕೂರುತ್ತೇನೆ, ನೀವು ನೋಡಿಕೊಳ್ಳಿ" ಅಂತ ಕೇಳಿ.

ಧಾರವಾಡದಾಂವ:
ಒಪ್ಪಿದರೆ ಇಷ್ಟನ್ನು ಮೊದಲೇ ಬರೆಸಿಕೊಳ್ಳಿ: ವಾರಕ್ಕೆ ಎಷ್ಟು ಗಂಟೆ, ಬಸ್ ಚಾರ್ಜ್ ಯಾರು ಕೊಡುತ್ತಾರೆ, ನಿಮಗೆ ಹುಷಾರಿಲ್ಲದ ವಾರ ಯಾರು ನೋಡಿಕೊಳ್ಳುತ್ತಾರೆ, ಯಾರಾದರೂ ಸಾಯುವ ಮಾತು ಆಡಿದರೆ ಆ ಕ್ಷಣ ಯಾವ ನಂಬರಿಗೆ ಫೋನ್ ಮಾಡಬೇಕು. ಗುಂಪಿನವರಿಗೆ ನಿಮ್ಮ ಸ್ವಂತ ಮೊಬೈಲ್ ನಂಬರ್ ಕೊಡಬೇಡಿ. ರಾತ್ರಿ ಹನ್ನೊಂದಕ್ಕೂ ಫೋನ್ ಬರುತ್ತದೆ, ಎತ್ತದೆ ಇರಲು ಮನಸ್ಸಾಗುವುದಿಲ್ಲ, ನಿದ್ದೆ ಕೆಡುತ್ತದೆ. ಬೈಪೋಲಾರ್ ಇರುವವರಿಗೆ ನಿದ್ದೆ ಎಷ್ಟು ಮುಖ್ಯ ಅಂತ ನಿಮಗೇ ಗೊತ್ತು. ಬೇಕಾದರೆ ನಮ್ಮ ಗುಂಪಿಗೆ ಒಮ್ಮೆ ಬಂದು ಕೂತು ನೋಡಿ, ಮೆಸೇಜ್ ಹಾಕಿರುತ್ತೇನೆ.

ನೇರನುಡಿ:
ಮೇಲ್ವಿಚಾರಣೆ ಇದ್ದರೆ ನನ್ನ ಆಕ್ಷೇಪ ಇಲ್ಲ. ಧಾರವಾಡದವರೇ, ನನ್ನ ಅಣ್ಣ ಹುಬ್ಬಳ್ಳಿಯಲ್ಲಿ ಇದ್ದಾನೆ. ನಿಮ್ಮ ಗುಂಪಿಗೆ ಅವನೂ ಬರಬಹುದಾ?

ಧಾರವಾಡದಾಂವ:
ಬರಲಿ. ಆದರೆ ಅವರಿಗೇ ಬರಬೇಕು ಅನ್ನಿಸಬೇಕು, ಒತ್ತಾಯ ಮಾಡಿ ಕಳಿಸಬೇಡಿ. ಮೊದಲ ಸಲ ನೀವೂ ಜೊತೆಗೆ ಬನ್ನಿ, ಮನೆಯವರಿಗೆ ಬೇರೆ ಕೋಣೆ ಇದೆ.